ವರ್ತಕರ ಸಂಘವೂ ನಾಗರಿಕ ವೇದಿಕೆಯೂ ಜೊತೆಯಾದರೆ ಮಾಮೂಲು ನಿಲ್ಲಿಸಬಹುದೇ?

ಪ್ರಶ್ನೆ: ಸಾಗರದ ಬೇಕರಿಯವರು

ಸಾಗರದ ಪೇಟೆಯಲ್ಲಿ ನನ್ನದೊಂದು ಸಣ್ಣ ಬೇಕರಿಯಿದೆ. ನಮ್ಮ ಬೀದಿಯ ಹೋಟೆಲು, ಕಿರಾಣಿ, ಹಿಟ್ಟಿನ ಗಿರಣಿ, ಹೊಲಿಗೆ ಅಂಗಡಿಯವರೆಲ್ಲ ಸೇರಿ ಕಟ್ಟಿಕೊಂಡ ವರ್ತಕರ ಸಂಘ ಈವರೆಗೆ ಗಣಪತಿ ಹಬ್ಬದ ವಂತಿಗೆ, ಮಾರಿಕಾಂಬಾ ಜಾತ್ರೆಯ ಏರ್ಪಾಡು ಇಷ್ಟಕ್ಕೇ ಸೀಮಿತವಾಗಿತ್ತು. ಈಗ ಮಾಹಿತಿ ಹಕ್ಕಿನ ಕೆಲಸದಲ್ಲಿ ತೊಡಗಿರುವ ಸ್ಥಳೀಯ ನಾಗರಿಕ ವೇದಿಕೆಯೊಂದು ನಮ್ಮ ಮುಂದೆ ಪ್ರಸ್ತಾವವನ್ನು ಇಟ್ಟಿದೆ. ಉದ್ದಿಮೆ ಪರವಾನಗಿಯ ನವೀಕರಣ, ಆಹಾರ ಸುರಕ್ಷತೆಯ ನೋಂದಣಿ, ತಕ್ಕಡಿಗೆ ಮುದ್ರೆ ಹಾಕಿಸುವುದು ಮುಂತಾದ ಯಾವ ಕೆಲಸಕ್ಕೂ ನಿಗದಿತ ಶುಲ್ಕದ ಹೊರತು ಒಂದು ರೂಪಾಯಿಯನ್ನೂ ಕೊಡುವುದಿಲ್ಲವೆಂದು ಸದಸ್ಯರೆಲ್ಲರೂ ಸಹಿ ಹಾಕಬೇಕು. ಅರ್ಜಿಗಳ ಬೆನ್ನು ಹತ್ತುವ ಕೆಲಸವನ್ನು ವೇದಿಕೆಯವರು ವಹಿಸಿಕೊಳ್ಳುತ್ತಾರೆ.

ಕಳೆದ ಬಾರಿಯ ನವೀಕರಣದಲ್ಲಿ ಶುಲ್ಕದ ರಸೀದಿ, ಆಸ್ತಿ ತೆರಿಗೆಯ ರಸೀದಿ ಎಲ್ಲವನ್ನೂ ಲಗತ್ತಿಸಿದ್ದರೂ ನನ್ನ ಕಡತ ಇದ್ದ ಮೇಜಿನಿಂದ ಕದಲಲಿಲ್ಲ. ಕಚೇರಿಯೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತಿರುವ ಮಧ್ಯವರ್ತಿ, 'ಒಳಗಿನವರನ್ನೂ ಸ್ವಲ್ಪ ನೋಡಿಕೊಳ್ಳಬೇಕಲ್ಲ ಸಾರ್' ಎಂದರು. ಅವರು ಕೇಳಿದ್ದು ದೊಡ್ಡ ಮೊತ್ತವೇನಲ್ಲ. ಅಂಗಡಿ ಮುಚ್ಚಿಕೊಂಡು ಕಚೇರಿಗೆ ಅಲೆದರೆ ನಮಗಾಗುವ ನಷ್ಟಕ್ಕಿಂತ ತುಸು ಕಡಿಮೆಯಿರುವಂತೆ ಲೆಕ್ಕ ಹಾಕಿಯೇ ಕೇಳುತ್ತಾರೆ ಎಂಬುದು ನನ್ನನ್ನು ಹೆಚ್ಚು ನೋಯಿಸಿತು. ಇಂಥ ಒಪ್ಪಂದದಿಂದ ನಿಜವಾಗಿ ಪ್ರಯೋಜನವಿದೆಯೇ? ಮೊದಲು 'ಕೊಡುವುದಿಲ್ಲ' ಎಂದವರ ಅಂಗಡಿಗೆ ತಪಾಸಣೆಯ ಮೇಲೆ ತಪಾಸಣೆ ಬಂದರೆ ಅವರನ್ನು ಕಾಯುವವರು ಯಾರು?

ಉತ್ತರ: ಶಿವಮೊಗ್ಗದ ವಕೀಲರು

ಮೊದಲು ಕಾನೂನಿನ ಸ್ಥಿತಿಯನ್ನು ಹೇಳುತ್ತೇನೆ, ಏಕೆಂದರೆ ಅನೇಕ ವರ್ತಕರಿಗೆ ಇದು ತಿಳಿದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರಿಗೂ 7 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಒತ್ತಾಯಕ್ಕೆ ಸಿಲುಕಿ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಮುಂಚಿತವಾಗಿಯೇ ತಿಳಿಸಿ, ತನಿಖೆಗೆ ನೆರವಾಗಲೆಂದು ಹಣ ಕೊಟ್ಟವರಿಗೂ ಇದೆ. ವೇದಿಕೆಯವರು ನಿಮಗೆ ಮಾಡಬಹುದಾದ ಮೊದಲ ಉಪಕಾರವೆಂದರೆ, ಈ 7 ದಿನಗಳು ಕಳೆದುಹೋಗುವ ಮುನ್ನ ನಿಮ್ಮ ಜೊತೆಗೆ ಲೋಕಾಯುಕ್ತ ಪೊಲೀಸ್ ಕಚೇರಿಗೆ ಬರುವುದು. 2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟು 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿ ಆ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿದ್ದರಿಂದ, ದೂರು ಕೊಡಬೇಕಾದ ಜಾಗ ಅದೇ.

ದೂರು ದಾಖಲಾದ ಮೇಲೆ ನೋಟುಗಳ ಸಂಖ್ಯೆಯನ್ನು ಬರೆದುಕೊಂಡು, ಅವುಗಳಿಗೆ ಫಿನಾಲ್ಫ್‌ಥಲೀನ್ ಪುಡಿ ಸವರಿ, ಪಂಚರ ಸಮ್ಮುಖದಲ್ಲಿ ನಿಮ್ಮ ಕೈಗೆ ಕೊಡುತ್ತಾರೆ. ಲಂಚವಾಗಿ ಆ ನೋಟುಗಳನ್ನು ಪಡೆದವರ ಕೈಯನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಅದ್ದಿಸಿದಾಗ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅಷ್ಟರಿಂದಲೇ ಅಪರಾಧ ಸಾಬೀತಾಗುವುದಿಲ್ಲ; ಹಣಕ್ಕೆ ಬೇಡಿಕೆಯಿಟ್ಟದ್ದೂ ರುಜುವಾತಾಗಬೇಕು. ಪ್ರಕರಣ ವರ್ಷಗಟ್ಟಲೆ ಎಳೆಯುವಾಗ ಒಂಟಿ ದೂರುದಾರ ದಣಿದು ಸಾಕ್ಷಿ ಕಟ್ಟೆಯಲ್ಲಿ ಹಿಂದೆ ಸರಿಯುವುದೇ ನಮ್ಮಲ್ಲಿ ದೊಡ್ಡ ತೊಡಕು. ದೂರುದಾರರು ಪ್ರತಿಕೂಲ ಸಾಕ್ಷಿಯಾದರೂ ಅಥವಾ ತೀರಿಕೊಂಡರೂ ಸಾಂದರ್ಭಿಕ ಸಾಕ್ಷ್ಯದಿಂದ ಬೇಡಿಕೆಯನ್ನು ರುಜುವಾತುಪಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ ನಿಜ. ಆದರೂ ದೂರುದಾರನ ಬೆನ್ನಿಗೆ ಪ್ರತಿ ವಾಯಿದೆಗೂ ನಾಲ್ಕು ಜನ ಬಂದು ಕೂರುವ ಸಂಘವಿದ್ದರೆ ಅದರ ಬಲವೇ ಬೇರೆ.

ಹೀಗೆ ಬಲೆ ಬೀಸಿ ಹಿಡಿಯುವ ಟ್ರ್ಯಾಪ್‌ವರೆಗೆ ಹೋಗದೆಯೂ ಮಾಡಬಹುದಾದ ಕೆಲಸ ಬಹಳವಿದೆ. ನಿಗದಿತ ದಿನಗಳೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ರಾಜ್ಯದ 'ಸಕಾಲ' ವ್ಯವಸ್ಥೆಯ ವ್ಯಾಪ್ತಿಯ ಸೇವೆಯಾಗಿದ್ದರೆ ಅರ್ಜಿ ಕೊಟ್ಟ ದಿನವೇ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಅಲ್ಪವೇ ಇರಬಹುದು, ಆದರೆ ವಿಳಂಬ ಯಾರ ಹಂತದಲ್ಲಾಯಿತು ಎಂಬುದು ದಾಖಲೆಯಾಗುತ್ತದೆ.

ಉತ್ತರ: ತೀರ್ಥಹಳ್ಳಿಯ ಉಪ್ಪಿನಕಾಯಿ ಘಟಕದವರು

ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ನಾವು ಕೆಲವು ಮಹಿಳೆಯರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಜಾಡಿಯ ಮೇಲಿನ ಚೀಟಿಯಲ್ಲಿ ತಯಾರಿಸಿದ ದಿನಾಂಕ, ನಿವ್ವಳ ತೂಕ, ನೋಂದಣಿ ಸಂಖ್ಯೆ, ತಯಾರಕರ ವಿಳಾಸ, ಇವುಗಳಲ್ಲಿ ಯಾವುದೊಂದು ತಪ್ಪಿಹೋದರೂ ಲಂಚ ಕೇಳಲು ಬಂದವರಿಗೆ ಅದೇ ಸಾಕಾಗುತ್ತದೆ. ಸಣ್ಣ ಉದ್ದಿಮೆಯವರು ಧೈರ್ಯ ಸಾಲದೆ ಹಣ ಕೊಡುತ್ತಾರೆ ಎನ್ನುವವರಿದ್ದಾರೆ. ನಾನು ಕಂಡಂತೆ ಹೆಚ್ಚಿನವರು ಕೊಡುವುದು ತಮ್ಮ ಕಾಗದಪತ್ರದಲ್ಲಿ ಏನೋ ಕೊರತೆಯಿದೆ ಎಂಬ ಅಳುಕಿನಿಂದ, ಮತ್ತು ಆ ಕೊರತೆ ಏನೆಂದು ಅವರಿಗೆ ಸರಿಯಾಗಿ ಹೇಳಿಕೊಟ್ಟವರು ಯಾರೂ ಇಲ್ಲದಿರುವುದರಿಂದ.

ಆದ್ದರಿಂದ ವೇದಿಕೆಯವರು ಸಹಿ ಸಂಗ್ರಹಕ್ಕೆ ಮೊದಲು ಒಂದೊಂದು ಅಂಗಡಿಗೂ ಹೋಗಿ ಪರವಾನಗಿಯ ಅವಧಿ, ತಕ್ಕಡಿಯ ಮುದ್ರೆ, ಕೆಲಸಗಾರರ ಹಾಜರಿ ಪುಸ್ತಕ ಎಲ್ಲವನ್ನೂ ಸ್ನೇಹದಿಂದ ಪರಿಶೀಲಿಸಿ, ಕೊರತೆಯಿದ್ದುದನ್ನು ಸರಿಪಡಿಸಲು ನೆರವಾಗಲಿ. ನಮ್ಮ ಘಟಕದಲ್ಲಿ ಈಗ ಇವೆಲ್ಲವನ್ನೂ ಒಂದೇ ಫೈಲಿನಲ್ಲಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೇವೆ. ತಪಾಸಣೆಗೆ ಬಂದವರ ಮುಂದೆ ಅದನ್ನು ಬಿಚ್ಚಿಟ್ಟರೆ ಮಾತು ಬೇಗ ಮುಗಿಯುತ್ತದೆ. ತೂಕದಲ್ಲಿ ಗಿರಾಕಿಗೆ ಮೋಸ ಮಾಡುವವರನ್ನು ಮಾತ್ರ ದಯವಿಟ್ಟು ಈ ಒಪ್ಪಂದದೊಳಗೆ ಸೇರಿಸಿಕೊಳ್ಳಬೇಡಿ. ಅವರೊಬ್ಬರಿಂದ ಎಲ್ಲರ ಮಾತೂ ಬೆಲೆ ಕಳೆದುಕೊಳ್ಳುತ್ತದೆ.

ಉತ್ತರ: ಭದ್ರಾವತಿಯ ನಿವೃತ್ತ ಅಧ್ಯಾಪಕರು

ಒಂಟಿಯಾಗಿ ನಿಲ್ಲುವುದಕ್ಕೂ ಗುಂಪಾಗಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸವನ್ನು ಇಟಲಿಯ ಪಲೆರ್ಮೊ ನಗರದ ಚರಿತ್ರೆ ತೋರಿಸುತ್ತದೆ. ಅಲ್ಲಿ ಮಾಫಿಯಾದವರು ಅಂಗಡಿಗಳಿಂದ ವಸೂಲಿ ಮಾಡುವ ಹಣಕ್ಕೆ 'ಪಿಝೊ' ಎನ್ನುತ್ತಾರೆ. ಅದನ್ನು ಕೊಡುವುದಿಲ್ಲವೆಂದು 1991ರ ಜನವರಿಯಲ್ಲಿ ಪತ್ರಿಕೆಯಲ್ಲೇ ಬಹಿರಂಗ ಪತ್ರ ಬರೆದ ಉಡುಪು ತಯಾರಕ ಲಿಬೆರೊ ಗ್ರಾಸ್ಸಿ ಅವರಿಗೆ ಸ್ಥಳೀಯ ಉದ್ಯಮಿಗಳ ಬೆಂಬಲ ಸಿಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಅವರನ್ನು ಕೊಂದರು. 2004ರಲ್ಲಿ ಅದೇ ನಗರದ ಯುವಜನರು ಆರಂಭಿಸಿದ 'ಆದ್ದಿಯೊಪಿಝೊ' ಚಳವಳಿ, ಹಣ ಕೊಡಲೊಪ್ಪದ ಅಂಗಡಿಗಳ ಪಟ್ಟಿಯನ್ನು ಪ್ರಕಟಿಸಿ, ಆ ಅಂಗಡಿಗಳಲ್ಲೇ ಕೊಳ್ಳುವುದಾಗಿ ಗ್ರಾಹಕರಿಂದ ಮಾತು ಪಡೆಯಿತು. ನಮ್ಮ ಕಚೇರಿಗಳ ಮಾಮೂಲೂ ಮಾಫಿಯಾದ ವಸೂಲಿಯೂ ಒಂದೇ ಅಲ್ಲ. ಆದರೆ ಗಿರಾಕಿಗಳನ್ನೂ ಜೊತೆಗೆ ತಂದುಕೊಂಡರೆ ವರ್ತಕರ ಭಯ ಕಡಿಮೆಯಾಗುತ್ತದೆ ಎಂಬುದನ್ನು ಸಾಗರದಲ್ಲೂ ಪ್ರಯೋಗಿಸಿ ನೋಡಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂಘದ ಪದಾಧಿಕಾರಿಗಳೇ ಎಲ್ಲರಿಂದ ಹಣ ಒಟ್ಟುಮಾಡಿ ಕಚೇರಿಗೆ ತಲುಪಿಸುವ ಪದ್ಧತಿ ಕೆಲವು ಊರುಗಳಲ್ಲಿ ಬೆಳೆದಿದೆ. ಸಂಘದ ಲೆಕ್ಕಪುಸ್ತಕ ಪ್ರತಿ ತಿಂಗಳೂ ಸದಸ್ಯರ ಮುಂದೆ ಬರಬೇಕೆಂಬ ಷರತ್ತು ಒಪ್ಪಂದದಲ್ಲಿ ಇರಲೇಬೇಕು. ಹಾಗೆಯೇ ಅಧಿಕಾರಿಗಳ ಹೆಸರನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಡಬೇಡಿ. ಮಾನನಷ್ಟದ ಮೊಕದ್ದಮೆ ಬಂದರೆ ಮೂಲ ವಿಷಯ ಮೂಲೆಗೆ ಸೇರುತ್ತದೆ. ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ 'ಐ ಪೇಯ್ಡ್ ಎ ಬ್ರೈಬ್' ಜಾಲತಾಣವನ್ನು ಆರಂಭಿಸಿದಾಗ ಜನರಿಂದ ಕೇಳಿದ್ದು ಯಾವ ಸೇವೆಗೆ, ಯಾವ ಊರಿನಲ್ಲಿ, ಎಷ್ಟು ಕೊಟ್ಟಿರಿ ಎಂಬ ವಿವರಗಳನ್ನು. ನೀವೂ ಅಂಥದೇ ದಾಖಲೆ ಪುಸ್ತಕವೊಂದನ್ನು ಇಡಬಹುದು.

ಮರುಮಾತು: ಸಾಗರದ ಬೇಕರಿಯವರು

ಮೂವರಿಗೂ ಕೃತಜ್ಞತೆಗಳು. ತೀರ್ಥಹಳ್ಳಿಯವರು ಹೇಳಿದಂತೆ ಅಂಗಡಿ ಅಂಗಡಿಗೆ ಹೋಗಿ ಕಾಗದಪತ್ರ ನೋಡುವ ಕೆಲಸದಿಂದಲೇ ಆರಂಭಿಸೋಣವೆಂದು ವೇದಿಕೆಯವರಿಗೆ ತಿಳಿಸುತ್ತೇನೆ. ಜೊತೆಗೆ, ಕಳೆದ ವರ್ಷ ಬಂದ ಉದ್ದಿಮೆ ಪರವಾನಗಿ ಅರ್ಜಿಗಳೆಷ್ಟು, ಪ್ರತಿಯೊಂದೂ ಎಷ್ಟು ದಿನಗಳಲ್ಲಿ ವಿಲೇವಾರಿಯಾಯಿತು ಎಂದು ಕೇಳಿ ಸಂಘದ ಸದಸ್ಯರೊಬ್ಬರ ಹೆಸರಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸುವ ಆಲೋಚನೆಯಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ, ಕರಡನ್ನು ವಕೀಲರು ಒಮ್ಮೆ ನೋಡಿಕೊಡುವರೇ?