ತಡೆಯುವ ಔಷಧ ಯು-73122 ಹಾಕಿದರೂ ಕ್ಯಾಲ್ಸಿಯಂ ಏರಿಕೆ ಪೂರ್ತಿ ನಿಲ್ಲುತ್ತಿಲ್ಲ. ಫಾಸ್ಫೊಲೈಪೇಸ್ ಸಿ (ಪಿಎಲ್‌ಸಿ) ಕಿಣ್ವದ ಪಾತ್ರ ತೋರಿಸುವುದು ಹೇಗೆ?

ಹಗರಿ_ದಂಡೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಎಚ್‌ಇಕೆ-293 (ಮನುಷ್ಯ ಮೂತ್ರಪಿಂಡ ಮೂಲದ) ಕೋಶಗಳಲ್ಲಿ ಕ್ಯಾಲ್ಸಿಯಂ ಹಿಡಿದು ತೋರಿಸುವ ಫ್ಯೂರಾ-2 ಬಣ್ಣ ತುಂಬಿ ಪ್ಲೇಟ್ ರೀಡರ್‌ನಲ್ಲಿ ಕ್ಯಾಲ್ಸಿಯಂ ಅಳೆಯುತ್ತಿದ್ದೇವೆ. 100 ಮೈಕ್ರೋಮೋಲಾರ್ ಕಾರ್ಬಕಾಲ್ (ಗ್ರಾಹಕ ಎಬ್ಬಿಸುವ ಔಷಧ) ಕೊಟ್ಟರೆ ಕ್ಯಾಲ್ಸಿಯಂ ತೋರಿಸುವ 340/380 ಅನುಪಾತ ಚೆನ್ನಾಗಿ ಏರುತ್ತದೆ. ಮೊದಲೇ ಮಸ್ಕರಿನಿಕ್ ಗ್ರಾಹಕ ತಡೆಯುವ ಅಟ್ರೋಪಿನ್ ಹಾಕಿದ್ದರೆ ಏರುವುದೇ ಇಲ್ಲ. ಹಾಗಾಗಿ ಗ್ರಾಹಕ ಮಸ್ಕರಿನಿಕ್ ಎಂಬುದರಲ್ಲಿ ಅನುಮಾನವಿಲ್ಲ.

ಮುಂದಿನ ಹಂತ ಫಾಸ್ಫೊಲೈಪೇಸ್ ಸಿ ಎಂದು ತೋರಿಸಲು ಯು-73122 ಅನ್ನು 10 ಮೈಕ್ರೋಮೋಲಾರ್ ಪ್ರಮಾಣದಲ್ಲಿ 5 ನಿಮಿಷ ಮುಂಚೆ ಹಾಕುತ್ತೇವೆ. ಕಾರ್ಬಕಾಲ್ ಕೊಡುವ ಮೊದಲೇ ಬೇಸ್‌ಲೈನ್ ನಿಧಾನಕ್ಕೆ ಮೇಲೇಳುತ್ತದೆ. ಆಮೇಲೆ ಕೊಟ್ಟರೆ ಏರಿಕೆ ಅರ್ಧಕ್ಕೆ ಇಳಿಯುತ್ತದೆ, ನಿಲ್ಲುವುದಿಲ್ಲ. ಅದರ ನಿಷ್ಕ್ರಿಯ ಜೋಡಿ ಯು-73343 (ಕಂಟ್ರೋಲ್) ಹಾಕಿದ ಪ್ಲೇಟ್ ಗುಂಡಿಗಳಲ್ಲಿ ಎಲ್ಲ ಮಾಮೂಲು. ಬಫರ್ ಎಚ್‌ಬಿಎಸ್‌ಎಸ್ (ಲವಣ ದ್ರಾವಣ), ಕ್ಯಾಲ್ಸಿಯಂ 1.8 ಮಿಲಿಮೋಲಾರ್, ಬಿಎಸ್‌ಎ (ದನದ ಅಲ್ಬುಮಿನ್) ಶೇ. 0.1. ಬಣ್ಣ ತುಂಬಿಸುವುದು 45 ನಿಮಿಷ, ರೂಮ್ ಟೆಂಪರೇಚರ್‌ನಲ್ಲಿ. "ಏರಿಕೆಯಲ್ಲಿ ಅರ್ಧ ಪಾಲು ಪಿಎಲ್‌ಸಿಯದು" ಎಂದು ಬರೆಯಬಹುದೇ?

ಕೃಷ್ಣಾ_ಫಾರ್ಮಾ, ರಾಯಚೂರು

ಹಂಗ ಬರೀಬ್ಯಾಡ್ರಿ. ಆ ಅರ್ಧಕ್ಕೆ ಕನಿಷ್ಠ ಮೂರು ಕಾರಣ ಇರಬಹುದು, ಮೂರರಲ್ಲಿ ಎರಡಕ್ಕೆ ಪಿಎಲ್‌ಸಿ ಸಂಬಂಧವೇ ಇಲ್ಲ.

ಮೊದಲು ಬಿಎಸ್‌ಎ ತೆಗೆಯಿರಿ. ಯು-73122ರಲ್ಲಿ ಮಲೀಮೈಡ್ ಉಂಗುರ ಇದೆ. ಅದು ಸಿಸ್ಟೀನ್‌ನ ಥಯೋಲ್ ಗುಂಪು ಸಿಕ್ಕಲ್ಲಿ ಕಚ್ಚಿಕೊಳ್ಳುತ್ತದೆ. ಬಫರ್‌ನಲ್ಲಿ ಅಲ್ಬುಮಿನ್ ಅಥವಾ ಸೀರಂ ಇದ್ದರೆ ಕೋಶ ಮುಟ್ಟುವ ಮೊದಲೇ ಒಂದಿಷ್ಟು ಔಷಧ ಅಲ್ಲೇ ಮುಗಿದುಹೋಗುತ್ತದೆ. ಥಯೋಲ್ ಇರುವ ಡಿಟಿಟಿ ಇದ್ದರಂತೂ ಕೇಳುವುದೇ ಬೇಡ. ಔಷಧ ಕರಗಿಸಲು ಬಳಸುವ ಡಿಎಂಎಸ್‌ಒದಲ್ಲೂ ಇದು ಧಾರಾಳವಾಗಿ ಕರಗುವ ವಸ್ತುವಲ್ಲ. 1 ಮಿಲಿಗ್ರಾಂಗೆ ಸುಮಾರು 1.08 ಮಿಲಿಲೀಟರ್ ಹಾಕಿದರೆ 2 ಮಿಲಿಮೋಲಾರ್ ಆಗುತ್ತದೆ. ಅಲ್ಲಿಂದ 5 ಮೈಕ್ರೋಮೋಲಾರ್‌ಗೆ ಇಳಿಸಿದರೆ ಡಿಎಂಎಸ್‌ಒ ಶೇ. 0.25 ಉಳಿಯುತ್ತದೆ, ಕಂಟ್ರೋಲ್ ಗುಂಡಿಗೂ ಅಷ್ಟೇ ಹಾಕಬೇಕು. ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡಿ, ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ಎರಡನೆಯದು ಬೇಸ್‌ಲೈನ್. ಈ ಔಷಧ ತಾನೇ ಕೋಶದೊಳಗಿನ ಇಆರ್ (ಎಂಡೊಪ್ಲಾಸ್ಮಿಕ್ ರೆಟಿಕ್ಯುಲಂ) ಸಂಗ್ರಹದಿಂದ ಕ್ಯಾಲ್ಸಿಯಂ ಸೋರಿಸುತ್ತದೆ ಎಂಬುದು ಹಲವು ಬಗೆಯ ಕೋಶಗಳಲ್ಲಿ ಕಂಡಿರುವ ಸಂಗತಿ. ಸಂಗ್ರಹ ಮೊದಲೇ ಅರ್ಧ ಬರಿದಾಗಿದ್ದರೆ, ಕಿಣ್ವ ಪೂರ್ತಿ ಕೆಲಸ ಮಾಡುತ್ತಿದ್ದರೂ ಕಾರ್ಬಕಾಲ್‌ಗೆ ಸಿಗುವುದು ಉಳಿದರ್ಧ ಮಾತ್ರ. ಇದನ್ನು ಬೇರ್ಪಡಿಸುವುದು ಸುಲಭ. ಕ್ಯಾಲ್ಸಿಯಂ ಇಲ್ಲದ ಬಫರ್, 0.5 ಮಿಲಿಮೋಲಾರ್ ಇಜಿಟಿಎ (ಹೊರಗೆ ಉಳಿದ ಕ್ಯಾಲ್ಸಿಯಂ ಹಿಡಿಯಲು), 5 ನಿಮಿಷ ಯು-73122, ಆಮೇಲೆ ಕಾರ್ಬಕಾಲ್ ಬದಲು ಸಂಗ್ರಹದ ಕ್ಯಾಲ್ಸಿಯಂ ಅನ್ನು ನೇರವಾಗಿ ಹೊರಬಿಡಿಸುವ 2 ಮೈಕ್ರೋಮೋಲಾರ್ ಅಯನೊಮೈಸಿನ್. ಪಕ್ಕದ ಡಿಎಂಎಸ್‌ಒ ಗುಂಡಿಗಿಂತ ಏರಿಕೆ ಕಡಿಮೆ ಬಂದರೆ ಸಂಗ್ರಹ ಖಾಲಿಯಾಗಿದೆ ಎಂದರ್ಥ, ಕಿಣ್ವ ನಿಂತಿದೆ ಎಂದಲ್ಲ.

ಮೂರನೆಯದು ಬೇರೆ ಪ್ರೋಟೀನ್‌ಗಳ ಮೇಲಿನ ಪರಿಣಾಮ. ಇಲ್ಲಿ ಯು-73343 ಮೇಲೆ ಭಾರ ಹಾಕಬೇಡಿ. ಅದರಲ್ಲಿ ಮಲೀಮೈಡ್ ಜಾಗದಲ್ಲಿ ಸಕ್ಸಿನಿಮೈಡ್ ಇದೆ, ಅಂದರೆ ಥಯೋಲ್ ಕಚ್ಚುವ ಗುಣವೇ ಇಲ್ಲ. ಯು-73122 ಬೇರೆ ಪ್ರೋಟೀನ್‌ಗಳನ್ನು ಕಚ್ಚಿ ಮಾಡುವ ಹಾವಳಿ ಈ ಕಂಟ್ರೋಲ್‌ನಲ್ಲಿ ಕಾಣಿಸುವುದೇ ಇಲ್ಲ. ಎಷ್ಟೋ ಪೇಪರ್‌ಗಳು ಇದೊಂದೇ ಜೋಡಿಯ ಮೇಲೆ ನಿಂತಿವೆ, ಅದು ಬೇರೆ ಮಾತು.

ನೀವು ಅಳೆಯಬೇಕಾದದ್ದು ಕ್ಯಾಲ್ಸಿಯಂ ಅಲ್ಲ, ಕಿಣ್ವ ಕತ್ತರಿಸಿದ ತುಂಡು. ಗ್ರಾಹಕ ಎಬ್ಬಿಸಿದ ಜಿಕ್ಯೂ ಆಲ್ಫಾ (ಜಿ ಪ್ರೋಟೀನ್‌ನ ಒಂದು ಘಟಕ) ಹೋಗಿ ಪಿಎಲ್‌ಸಿ-ಬೀಟಾಕ್ಕೆ ಅಂಟುತ್ತದೆ. ಆ ಕಿಣ್ವ ಪೊರೆಯ ಒಳಮೈಯಲ್ಲಿರುವ ಪಿಐಪಿ2 ಎಂಬ ಲಿಪಿಡ್ ಅನ್ನು ಗ್ಲಿಸರಾಲ್ ಮತ್ತು ಫಾಸ್ಫೇಟ್ ನಡುವೆ ಕತ್ತರಿಸುತ್ತದೆ. ಬರುವ ಎರಡು ತುಂಡುಗಳಲ್ಲಿ ಡಿಎಜಿ ಪೊರೆಯಲ್ಲೇ ಉಳಿದು ಪ್ರೋಟೀನ್ ಕೈನೇಸ್ ಸಿ ಕಡೆಗೆ, ಐಪಿ3 ನೀರಿಗಿಳಿದು ಇಆರ್ ಕಡೆಗೆ ಹೋಗಿ ಕ್ಯಾಲ್ಸಿಯಂ ಬಿಡಿಸುತ್ತದೆ. ಐಪಿ3 ಕೆಲವೇ ಸೆಕೆಂಡುಗಳಲ್ಲಿ ಏರಿ ಬೇಗ ಒಡೆದುಹೋಗುವುದರಿಂದ ಅದನ್ನು ಹಿಡಿಯುವುದು ಕಷ್ಟ. ಅದಕ್ಕೇ ಲಿಥಿಯಂ. ಅದರಿಂದ ಇನಾಸಿಟಾಲ್ ಮೊನೊಫಾಸ್ಫಟೇಸ್ ಎಂಬ ಕಿಣ್ವ ನಿಂತು, ಐಪಿ3 ಒಡೆದು ಬರುವ ಐಪಿ1 ಕೂಡಿಕೊಳ್ಳುತ್ತ ಹೋಗುತ್ತದೆ. 10 ಮಿಲಿಮೋಲಾರ್ ಲಿಥಿಯಂ ಕ್ಲೋರೈಡ್ 10 ನಿಮಿಷ ಮೊದಲು, ಕಾರ್ಬಕಾಲ್ 30ರಿಂದ 60 ನಿಮಿಷ, ಆಮೇಲೆ ಕೋಶ ಒಡೆದು ಐಪಿ1 ಅಳೆಯಿರಿ. ಕಿಟ್ ಕೊಂಡಿದ್ದರೆ ಲಿಥಿಯಂ ಪ್ರಮಾಣ ಅದರಲ್ಲಿ ಹೇಳಿದಷ್ಟೇ ಇರಲಿ.

ತಡೆಯಲು ಯು-73122ಕ್ಕಿಂತ ವೈಎಂ-254890 ವಾಸಿ. 1 ಮೈಕ್ರೋಮೋಲಾರ್, 30 ನಿಮಿಷ. ಅದು ಕಿಣ್ವವನ್ನಲ್ಲ, ಮೇಲಿನ ಜಿಕ್ಯೂ/11 ಅನ್ನು ಹಿಡಿಯುತ್ತದೆ. ಐಪಿ1, ಕ್ಯಾಲ್ಸಿಯಂ ಎರಡೂ ನೆಲಕ್ಕೆ ಬಿದ್ದರೆ ನಿಮ್ಮ ದಾರಿ ಸ್ಪಷ್ಟ.

ಗವಿಮಠ_ರಸ್ತೆ, ಕೊಪ್ಪಳ

ಮೇಲಿನವರು ಹೇಳಿದ್ದು ಸರಿ. ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ "ರೂಮ್ ಟೆಂಪರೇಚರ್". ಪ್ರೋಟೋಕಾಲ್ ಬರೆದವರ ಲೆಕ್ಕದಲ್ಲಿ ಅದು 22ರಿಂದ 25 ಡಿಗ್ರಿ. ಏಪ್ರಿಲ್‌ನ ಬಳ್ಳಾರಿಯಲ್ಲಿ ಎಸಿ ನಿಂತ ರೂಮು ಇನ್‌ಕ್ಯುಬೇಟರ್‌ಗಿಂತ ಬಿಸಿ! ಆ ಬಿಸಿಯಲ್ಲಿ ಫ್ಯೂರಾ-2 ಹೊರಗೂ ಸೋರುತ್ತದೆ, ಒಳಗಿನ ಅಂಗಕಗಳಲ್ಲೂ ಸೇರಿಕೊಳ್ಳುತ್ತದೆ. ಹೊರಗೆ ಸೋರಿದ ಬಣ್ಣ 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಕಂಡ ಕೂಡಲೇ ಅನುಪಾತ ಏರಿಸುತ್ತದೆ. ಬೇಸ್‌ಲೈನ್ ಏರಿಕೆಯಲ್ಲಿ ಇದರ ಪಾಲೂ ಇರಬಹುದು. ಡಿಎಂಎಸ್‌ಒ ಮಾತ್ರ ಹಾಕಿದ ಗುಂಡಿ ಕೂಡ ಏರುತ್ತಿದೆಯೇ ನೋಡಿ.

2 ಮೈಕ್ರೋಮೋಲಾರ್ ಫ್ಯೂರಾ-2 ಎಎಂ, ಶೇ. 0.02 ಪ್ಲುರಾನಿಕ್ (ಬಣ್ಣ ನೀರಿನಲ್ಲಿ ಹರಡಲು), 30 ನಿಮಿಷ, ತೊಳೆದು ಇನ್ನೊಂದು 20 ನಿಮಿಷ ಬಿಡಿ. ಸೋರಿಕೆ ಇದ್ದರೆ 1 ಮಿಲಿಮೋಲಾರ್ ಪ್ರೊಬೆನೆಸಿಡ್. ಅದು ಕ್ಷಾರದಲ್ಲಿ ಕರಗುವಂಥದ್ದು, ಬಫರ್‌ಗೆ ಸೇರಿಸಿದ ಮೇಲೆ ಪಿಎಚ್ ಮತ್ತೆ 7.4ಕ್ಕೆ ತರಬೇಕು. ಹಲವರು ಮರೆಯುವುದು ಇದನ್ನೇ.

ಐಪಿ1 ಕಿಟ್ ದುಬಾರಿಯಾದರೆ ಪಿಎಲ್‌ಸಿ-ಡೆಲ್ಟಾ1ರ ಪಿಎಚ್ ಡೊಮೇನ್‌ಗೆ (ಆಮ್ಲತೆಯ ಪಿಎಚ್ ಅಲ್ಲ, ಪಿಐಪಿ2 ಹಿಡಿಯುವ ಪ್ರೋಟೀನ್ ಭಾಗ) ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿ ಜೋಡಿಸಿದ ಪ್ಲಾಸ್ಮಿಡ್ ಇದೆ. ಪಿಐಪಿ2 ಇರುವವರೆಗೆ ಪೊರೆಯ ಅಂಚು ಹಸಿರು ಗೆರೆಯಾಗಿ ಹೊಳೆಯುತ್ತದೆ. ಕಾರ್ಬಕಾಲ್ ಬಿದ್ದ ಮೇಲೆ ಗೆರೆ ಮಾಸಿ ಹಸಿರು ಕೋಶದೊಳಗೆಲ್ಲ ಹರಡುತ್ತದೆ.

ಕೃಷ್ಣಾ_ಫಾರ್ಮಾ, ರಾಯಚೂರು

ಅದಕ್ಕೊಂದು ತಿದ್ದುಪಡಿ, ಸರ್. ಆ ಡೊಮೇನ್ ಪಿಐಪಿ2ಗಿಂತ ಐಪಿ3 ಅನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಸಿರು ಒಳಗೆ ಬಂದದ್ದು ಪಿಐಪಿ2 ಕಡಿಮೆಯಾಗಿಯೋ, ಐಪಿ3 ಎಳೆದುಕೊಂಡೋ ಹೇಳಲಾಗದು. ಕಿಣ್ವ ಕತ್ತರಿಸಿದೆ ಎಂದಷ್ಟೇ ತೋರಿಸಲು ಸಾಕು, ಪಿಐಪಿ2 ಎಷ್ಟು ಕರಗಿತು ಎಂದು ಲೆಕ್ಕ ಹಾಕಲು ಸಾಲದು. ಪ್ಲೇಟ್ ರೀಡರ್‌ನಲ್ಲಿ ಇದು ಕಾಣುವುದಿಲ್ಲ, ಕಾನ್‌ಫೋಕಲ್ ಸೂಕ್ಷ್ಮದರ್ಶಕ ಬೇಕು. ಫ್ಯೂರಾ-2, ಜಿಎಫ್‌ಪಿ ಎರಡೂ 510 ನ್ಯಾನೋಮೀಟರ್ ಆಸುಪಾಸಿನಲ್ಲೇ ಬೆಳಕು ಬಿಡುವುದರಿಂದ ಒಂದೇ ತಟ್ಟೆಯಲ್ಲಿ ಬೆರೆಸಬೇಡಿ. ಪ್ಲಾಸ್ಮಿಡ್ ಕಡಿಮೆ ಹಾಕಿ. ಪ್ರೋಟೀನ್ ಅತಿಯಾದರೆ ಪಿಐಪಿ2 ಅನ್ನು ತಾನೇ ಮುಚ್ಚಿಕೊಂಡು ಕಿಣ್ವಕ್ಕೆ ಸಿಗದಂತೆ ಮಾಡುತ್ತದೆ.

ಹಗರಿ_ದಂಡೆ, ಬಳ್ಳಾರಿ

ಇಬ್ಬರಿಗೂ ಧನ್ಯವಾದ. ಡಿಎಂಎಸ್‌ಒ ಗುಂಡಿಯೂ ಸ್ವಲ್ಪ ಏರುತ್ತಿದೆ, ಆದರೆ ಯು-73122ರಷ್ಟಿಲ್ಲ. ಬಿಎಸ್‌ಎ ಬಿಟ್ಟು, ಅಯನೊಮೈಸಿನ್ ಗುಂಡಿ ಸೇರಿಸಿ ಮಾಡುತ್ತೇವೆ. ಇನ್ನೊಂದು ಕೇಳುವುದಿತ್ತು: ವೈಎಂ-254890 ಕೋಶವನ್ನೇ ಮಂಕು ಮಾಡಿಲ್ಲ, ಜಿಕ್ಯೂ ದಾರಿಯನ್ನು ಮಾತ್ರ ತಡೆದಿದೆ ಎಂದು ತೋರಿಸುವುದು ಹೇಗೆ?

ಕೃಷ್ಣಾ_ಫಾರ್ಮಾ, ರಾಯಚೂರು

ಜಿಕ್ಯೂ ಬೇಡದ ಪಿಎಲ್‌ಸಿ ದಾರಿಯೊಂದನ್ನು ಪಕ್ಕದಲ್ಲಿಡಿ. ಇಜಿಎಫ್ (ಕೋಶ ಬೆಳೆಸುವ ಅಂಶ) ಗ್ರಾಹಕ ತನ್ನ ಫಾಸ್ಫೋಟೈರೋಸಿನ್‌ಗಳಿಗೆ ಪಿಎಲ್‌ಸಿ-ಗಾಮಾ1 ಅನ್ನು ಎಸ್‌ಎಚ್2 ಡೊಮೇನ್ ಮೂಲಕ ಕೂರಿಸಿಕೊಳ್ಳುತ್ತದೆ, ಅಲ್ಲಿ ಜಿ ಪ್ರೋಟೀನ್ ಬೇಕಿಲ್ಲ. ಎಚ್‌ಇಕೆಯಲ್ಲಿ ಇಜಿಎಫ್‌ಗೆ ಕ್ಯಾಲ್ಸಿಯಂ ಏರಿಕೆ ಸಪ್ಪೆ, ಇಜಿಎಫ್ ಗ್ರಾಹಕ ಹೇರಳವಾಗಿರುವ ಎ431 ಕೋಶ ತೆಗೆದುಕೊಳ್ಳಿ. ರಾತ್ರಿಯಿಡೀ ಸೀರಂ ಇಲ್ಲದೆ ಇಟ್ಟು, 100 ನ್ಯಾನೋಗ್ರಾಂ/ಮಿಲಿ ಇಜಿಎಫ್ ಕೊಡಿ. 5 ನಿಮಿಷಕ್ಕೆ ಕೋಶ ಒಡೆದು ಟೈರೋಸಿನ್ 783ರ ಫಾಸ್ಫೇಟ್ ಗುರುತಿಸುವ ಆಂಟಿಬಾಡಿಯಿಂದ ಬ್ಲಾಟ್ ಮಾಡಿ. ವೈಎಂ ಇದ್ದರೂ ಇಲ್ಲದಿದ್ದರೂ ಆ ಪಟ್ಟಿ, ಇಜಿಎಫ್‌ನ ಕ್ಯಾಲ್ಸಿಯಂ ಏರಿಕೆ ಎರಡೂ ಹಾಗೇ ಇರಬೇಕು. ಒಡೆಯುವ ಬಫರ್‌ಗೆ 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಡೇಟ್ ತಪ್ಪದೆ ಹಾಕಿ, ಇಲ್ಲದಿದ್ದರೆ ಫಾಸ್ಫಟೇಸ್‌ಗಳು ಫಾಸ್ಫೇಟ್ ಕಿತ್ತುಹಾಕಿ ಎರಡೂ ಕಡೆ ಪಟ್ಟಿ ಖಾಲಿ ಬರುತ್ತದೆ.