ಮೆಟೊಪ್ರೊಲಾಲ್ ಜೊತೆ ಡಿಲ್ಟಿಯಾಜೆಮ್: ಅಮ್ಮನ ನಾಡಿ ತುಂಬಾ ಇಳಿದಿದೆ

ಮೂಡಿಗೆರೆ ಮಗಳು:
ಅಮ್ಮನಿಗೆ 71 ವರ್ಷ. ಎದೆಬಡಿತ ಏರುಪೇರಾಗಿ, ಇಸಿಜಿ ನೋಡಿ ಏಟ್ರಿಯಲ್ ಫಿಬ್ರಿಲೇಷನ್ ಅಂದಿದ್ದರು. ಚಿಕ್ಕಮಗಳೂರಿನ ಡಾಕ್ಟರು ಬಡಿತ ಇಳಿಯಲಿ ಅಂತ ಮೆಟೊಪ್ರೊಲಾಲ್ 50, ರಕ್ತ ಹೆಪ್ಪುಗಟ್ಟದಿರಲಿ ಅಂತ ಅಪಿಕ್ಸಬಾನ್ ಕೊಟ್ಟಿದ್ದರು. ಕೂತಾಗ ನಾಡಿ 95ರ ಆಸುಪಾಸು ಇರುತ್ತಿತ್ತು. ಕಣದಲ್ಲಿ ಕಾಫಿ ಹರಡಲು ಓಡಾಡಿದರೆ ಮಾತ್ರ ಎದೆ ಡವಡವ ಅನ್ನುತ್ತಿತ್ತು. ಹಾಸನದಲ್ಲಿ ಅಣ್ಣನ ಮನೆಗೆ ಹೋದಾಗ ಇನ್ನೊಬ್ಬ ಡಾಕ್ಟರಿಗೆ ತೋರಿಸಿದರು. ಹಳೇ ಚೀಟಿ ಊರಲ್ಲೇ ಉಳಿದಿತ್ತು. ಅವರು ಡಿಲ್ಟಿಯಾಜೆಮ್ 30 ದಿನಕ್ಕೆ ಮೂರು ಸಲ ಬರೆದರು. ಈಗ ಎರಡೂ ನಡೆಯುತ್ತಿವೆ. ನಾಡಿ 46, 48. ಎದ್ದರೆ ತಲೆ ಸುತ್ತುತ್ತೆ, ಗೋಡೆ ಹಿಡಿದು ನಡೆಯುತ್ತಾರೆ. ಒಂದನ್ನು ನಾನೇ ನಿಲ್ಲಿಸಲಾ? ಸೋಮವಾರದವರೆಗೆ ಕಾಯಬಹುದಾ?

ಔಷಧ ಅಂಗಡಿ, ಹಾಸನ:
ಸೋಮವಾರದವರೆಗೆ ಕಾಯಬೇಡಿ. ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಡಿಲ್ಟಿಯಾಜೆಮ್ ಕೊಡುವ ಮೊದಲೇ ಕೇಳಿ. ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ನೋವು ಅಥವಾ ಉಸಿರಾಟದ ಕಷ್ಟ ಆದರೆ 108ಕ್ಕೆ ಕರೆ ಮಾಡಿ.

ಕಾರಣ ಹೇಳುತ್ತೇನೆ. ಹೃದಯದ ಮೇಲಿನ ಕೋಣೆಗಳ ಗಲಿಬಿಲಿ ಕೆಳಗಿನ ಕೋಣೆಗಳಿಗೆ ಇಳಿಯುವ ದಾರಿಯಲ್ಲಿ ಎವಿ ನೋಡ್ ಅಂತ ಒಂದು ಗೇಟ್ ಇದೆ. ಮೆಟೊಪ್ರೊಲಾಲ್ ಆ ಗೇಟನ್ನೇ ಬಿಗಿ ಮಾಡುತ್ತೆ, ಡಿಲ್ಟಿಯಾಜೆಮ್ ಕೂಡ ಅದನ್ನೇ. ಸಾಲದ್ದಕ್ಕೆ ಡಿಲ್ಟಿಯಾಜೆಮ್ ಇದ್ದರೆ ಮೆಟೊಪ್ರೊಲಾಲ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ನಾಡಿ ಇಳಿಯುತ್ತೆ, ಬಿಪಿ ಇಳಿಯುತ್ತೆ, ಕೆಲವರಿಗೆ ಹಾರ್ಟ್ ಬ್ಲಾಕ್, ಅಂದರೆ ಆ ಗೇಟಿನಲ್ಲೇ ಬಡಿತದ ಸಂಕೇತಕ್ಕೆ ತಡೆ ಆಗುತ್ತೆ (ರಕ್ತನಾಳದ ಬ್ಲಾಕ್ ಅಲ್ಲ). ಎರಡನ್ನೂ ಸೇರಿಸಿ ಕೊಡಲೇಬಾರದು ಅಂತೇನಿಲ್ಲ. ಎರಡೂ ಗೊತ್ತಿರುವ ಒಬ್ಬ ಡಾಕ್ಟರು ಇಸಿಜಿ ನೋಡಿಕೊಂಡು, ಸಣ್ಣ ಡೋಸಿನಿಂದ ಶುರು ಮಾಡಬೇಕು. ಎಕೋದಲ್ಲಿ (ಹೃದಯದ ಸ್ಕ್ಯಾನಿಂಗ್) ಹೃದಯದ ಪಂಪಿಂಗ್ ಕಡಿಮೆ ಇದ್ದರೆ ಡಿಲ್ಟಿಯಾಜೆಮ್ ಕೊಡುವುದಿಲ್ಲ. ಎಕೋ ಆಗಿದೆಯಾ?

ಮೆಟೊಪ್ರೊಲಾಲನ್ನು ಸುಮ್ನೆ ನೀವಾಗಿ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಬಡಿತ ಜೋರಾಗಿ ತಿರುಗಿ ಬರುತ್ತೆ. ಅಪಿಕ್ಸಬಾನ್ ಅಂತೂ ಬಿಡಲೇಬೇಡಿ, ಪಾರ್ಶ್ವವಾಯು ತಡೆಯುವುದು ಅದೇ. ಡಿಲ್ಟಿಯಾಜೆಮ್ ಜೊತೆ ಅದರ ಪ್ರಮಾಣವೂ ಸ್ವಲ್ಪ ಏರುತ್ತೆ, ಹಾಗಾಗಿ ಒಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ಹೇಳಿ.

ಅಮ್ಮನಿಗೆ ಆಸ್ತಮಾ ಇದೆಯಾ? ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರಾ?

ಅರಸೀಕೆರೆ ಕಡೆಯವನು:
ನಮ್ಮ ಅಪ್ಪನಿಗೆ ಮೆಟೊಪ್ರೊಲಾಲ್ ಜೊತೆ ಹೃದಯದ್ದೇ ಇನ್ನೊಂದು ಔಷಧಿ ಡಿಗಾಕ್ಸಿನ್ ಕೊಟ್ಟಿದ್ದಾರೆ. ನಡುವೆ ಕೆಮ್ಮಿಗೆ ಬೇರೆ ಕಡೆ ಕ್ಲಾರಿಥ್ರೊಮೈಸಿನ್ ಬರೆಸಿಕೊಂಡರು. ಊಟ ಸೇರಲಿಲ್ಲ, ವಾಂತಿ ಬೇರೆ. ಆ ಆಂಟಿಬಯೋಟಿಕ್ ಡಿಗಾಕ್ಸಿನನ್ನು ರಕ್ತದಲ್ಲಿ ಏರಿಸುತ್ತೆ ಅಂತ ಆಮೇಲೆ ಗೊತ್ತಾಯಿತು. ಈಗ ಎಲ್ಲಿಗೆ ಹೋದರೂ ಎಲ್ಲಾ ಮಾತ್ರೆ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತೇವೆ.

ಮೂಡಿಗೆರೆ ಮಗಳು:
ಚಿಕ್ಕಮಗಳೂರಿನ ಡಾಕ್ಟರು ಫೋನಲ್ಲೇ ಡಿಲ್ಟಿಯಾಜೆಮ್ ನಿಲ್ಲಿಸಿ, ಕೂಡಲೇ ಬನ್ನಿ ಅಂದರು. ಇಸಿಜಿ, ಎಕೋ ಎರಡೂ ಆಯಿತು. ಬ್ಲಾಕ್ ಇಲ್ಲ, ಪಂಪಿಂಗ್ ಚೆನ್ನಾಗಿದೆ. ಮೆಟೊಪ್ರೊಲಾಲ್ ಒಂದೇ ಮುಂದುವರಿಸಿದ್ದಾರೆ. ಕೂತಾಗ 95 ಇದ್ದರೆ ಗಾಬರಿ ಬೇಡ ಅಂದರು. ಆಸ್ತಮಾ ಇಲ್ಲ. ಆದರೆ ನೀವು ಕೇಳಿದ್ದು ನೆನಪಾಗಿ ಕಣ್ಣಿನ ಬಾಟಲಿ ನೋಡಿದೆ: ಟಿಮೊಲಾಲ್, ಗ್ಲಾಕೋಮಾಗೆ. ಇದೂ ಸೇರುತ್ತಾ?

ಔಷಧ ಅಂಗಡಿ, ಹಾಸನ:
ಸೇರುತ್ತೆ! ಟಿಮೊಲಾಲ್ ಕೂಡ ಬೀಟಾ ಬ್ಲಾಕರ್, ಮೆಟೊಪ್ರೊಲಾಲ್ ಗುಂಪಿನದೇ. ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು ನೇರ ರಕ್ತಕ್ಕೆ ಹೋಗುತ್ತೆ. ಡ್ರಾಪ್ಸನ್ನು ಯಾರೂ ಔಷಧಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಕೇಳಿದ್ದು. ನಿಮ್ಮ ಅಮ್ಮನಿಗೆ ನಾಡಿ ಇಳಿಸುವ ಔಷಧಿ ಮೂರು ಆಗಿತ್ತು, ಎರಡಲ್ಲ. ಹೃದಯದ ಡಾಕ್ಟರಿಗೆ ಇದನ್ನು ಇಂದೇ ಹೇಳಿ. ಕಣ್ಣಿನ ಡಾಕ್ಟರಿಗೂ ಹೇಳಿ, ಲಟಾನೊಪ್ರೋಸ್ಟ್ ತರದ ಬೇರೆ ಡ್ರಾಪ್ಸ್ ಇವೆ. ನೀವಾಗಿ ಬಿಟ್ಟರೆ ಕಣ್ಣಿನ ಒತ್ತಡ ಏರುತ್ತೆ, ಅದೂ ಬೇಡ.

95ರ ಬಗ್ಗೆ ಡಾಕ್ಟರು ಸರಿಯಾಗೇ ಹೇಳಿದ್ದಾರೆ. 2010ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನವೊಂದು ಕೂತಾಗ 110ರ ಒಳಗಿಡುವುದನ್ನೂ 80ರ ಒಳಗಿಡುವುದನ್ನೂ ಹೋಲಿಸಿತು. 110 ಗುಂಪಿನವರಿಗೆ ತೊಂದರೆ ಹೆಚ್ಚಾಗಲಿಲ್ಲ. ಅಮ್ಮನಿಗೆ ಓಡಾಡಿದಾಗ ಆಗುವ ಡವಡವ ಮಾತ್ರ ಡಾಕ್ಟರಿಗೆ ಬಿಡಿಸಿ ಹೇಳಿ.

ಇನ್ನು ನಾಡಿ ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಏರುಪೇರು ಇರುವವರಲ್ಲಿ ಲೆಕ್ಕ ತಪ್ಪುತ್ತೆ. ಬಿಪಿ ಮಷಿನ್ ತೋರಿಸುವ ನಾಡಿಯನ್ನೂ ಪೂರ್ತಿ ನಂಬಬೇಡಿ.

ಮೂಡಿಗೆರೆ ಮಗಳು:
ಕಣ್ಣಿನ ಡಾಕ್ಟರನ್ನು ನೋಡುವವರೆಗೆ ಟಿಮೊಲಾಲ್ ಹಾಕುತ್ತಿರಬೇಕಾ?

ಔಷಧ ಅಂಗಡಿ, ಹಾಸನ:
ಹೃದಯದ ಡಾಕ್ಟರು ಬೇಡ ಅನ್ನದಿದ್ದರೆ ಹಾಕಿ. ಹಾಕಿದ ಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿಯಿರಿ. ರಕ್ತಕ್ಕೆ ಇಳಿಯುವುದು ಕಡಿಮೆ ಆಗುತ್ತೆ.