ಕೊರಿಯಾದ ಜನರಲ್ ಪೈಕ್ ಸನ್-ಯಪ್: ಸಂಧಾನದಲ್ಲಿದ್ದರೂ ಸಹಿಯೇಕಿಲ್ಲ?

ಕೋಡಿಬಾಗ್ ಓದುಗ (ಕಾರವಾರ):
ಉತ್ತರ ಮತ್ತು ದಕ್ಷಿಣ ಕೊರಿಯಾಗಳ ಯುದ್ಧದಲ್ಲಿ ಕದನವಿರಾಮದ ಮಾತುಕತೆ 1951ರ ಜುಲೈ 10ರಂದು ಕೆಸಾಂಗ್‌ನಲ್ಲಿ ಆರಂಭವಾದಾಗ, ವಿಶ್ವಸಂಸ್ಥೆಯ ನಿಯೋಗದಲ್ಲಿ ದಕ್ಷಿಣ ಕೊರಿಯಾದ ಪ್ರತಿನಿಧಿಯಾಗಿ ಪೈಕ್ ಸನ್-ಯಪ್ ಕುಳಿತಿದ್ದರು. ಆದರೆ 1953ರ ಜುಲೈ 27ರ ಒಪ್ಪಂದದಲ್ಲಿ ಆ ದೇಶದ ಸಹಿಯೇ ಇಲ್ಲ. ಹಾಗಾದರೆ ಅವರಿಗಿದ್ದ ಅಧಿಕಾರವೆಷ್ಟು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಶಿರಸಿಯ ಇತಿಹಾಸದ ಮೇಷ್ಟ್ರು:
ಅಧಿಕಾರ ತೀರಾ ಕಡಿಮೆ. ನಿಯೋಗದ ಮುಖ್ಯಸ್ಥರು ಅಮೆರಿಕದ ಅಡ್ಮಿರಲ್ ಟರ್ನರ್ ಜಾಯ್. ಎದುರು ಪಕ್ಷದ, ಅಂದರೆ ಉತ್ತರ ಕೊರಿಯಾ ಮತ್ತು ಚೀನಾದ ಪರವಾಗಿ ಮಾತನಾಡುತ್ತಿದ್ದವರು ಉತ್ತರ ಕೊರಿಯಾದ ನಾಮ್ ಇಲ್. ದೇಶ ಒಂದಾಗದೆ ಯುದ್ಧ ನಿಲ್ಲಕೂಡದೆಂದು ಸ್ವತಃ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಪಟ್ಟು ಹಿಡಿದಿದ್ದಾಗ, ಯುದ್ಧ ನಿಲ್ಲಿಸುವ ಸಭೆಯಲ್ಲಿ ಅವರ ಸೇನಾಧಿಕಾರಿ ಕೂರಬೇಕಾಗಿತ್ತು. ಪೈಕ್ 1920ರಲ್ಲಿ ಹುಟ್ಟಿದ್ದು ಉತ್ತರ ಕೊರಿಯಾದ ರಾಜಧಾನಿ ಪ್ಯಾಂಗ್ಯಾಂಗ್ ಸಮೀಪದಲ್ಲಿ. ಎರಡು ಕೊರಿಯಾಗಳ ನಡುವೆ ಎಳೆಯಲು ಚರ್ಚೆಯಲ್ಲಿದ್ದ ಗೆರೆಯ ಆಚೆಗೆ ಉಳಿಯಲಿದ್ದುದು ಅವರದೇ ಹುಟ್ಟೂರು. (ಮಾಜಾಳಿಯ ಆಚೆ ಗೋವೆಯಲ್ಲಿ ಪೋರ್ಚುಗೀಸರಿದ್ದಾಗ ನೆಂಟರ ಮನೆಗೆ ಹೋಗಿಬರಲು ಪಟ್ಟ ತ್ರಾಸನ್ನು ಕಾರವಾರದ ಹಿರಿಯರು ಬಲ್ಲರು, ಕೊರಿಯಾದಲ್ಲಿ ಅಂಥ ಗೆರೆ ಇಂದಿಗೂ ಅಳಿದಿಲ್ಲ.) ಎದುರು ಪಕ್ಷದ ಪ್ರತಿನಿಧಿಯೊಬ್ಬರು, ಸಾಮ್ರಾಜ್ಯಶಾಹಿಯ ಬಾಲಬಡುಕರು ಸಾವಿನ ಮನೆಯ ನಾಯಿಗಿಂತಲೂ ಕಡೆ ಎಂಬರ್ಥದ ಮಾತನ್ನು ಕಾಗದದ ಮೇಲೆ ಬರೆದು ತಮಗೆ ಕಾಣುವಂತೆ ತೋರಿಸಿದ್ದನ್ನು ಪೈಕ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಅಂಕೋಲೆಯ ಪಯಣಿಗ:
ಮೇಷ್ಟ್ರೇ, ಅವರನ್ನು ಬರೀ ಹೆಸರಿಗೆ ಕೂರಿಸಿದ್ದರೆಂದು ಯಾರೂ ತಿಳಿಯಬಾರದು. 1950ರ ಆಗಸ್ಟ್‌ನಲ್ಲಿ ತಾಬು-ದೋಂಗ್ ಬಳಿ ಸೈನಿಕರು ಹಿಂಜರಿದಾಗ, ತಾನು ಹಿಂದೆ ಸರಿದರೆ ತನಗೇ ಗುಂಡಿಕ್ಕಿ ಎಂದು ಮುಂದೆ ನಡೆದವರು ಅವರು. ಅಕ್ಟೋಬರ್‌ನಲ್ಲಿ ಅವರ 1ನೇ ಡಿವಿಷನ್ ಪ್ಯಾಂಗ್ಯಾಂಗ್ ಪ್ರವೇಶಿಸಿತು. 1953ರಲ್ಲಿ ಅವರೇ ದಕ್ಷಿಣ ಕೊರಿಯಾದ ಮೊದಲ ನಾಲ್ಕು ನಕ್ಷತ್ರದ ಜನರಲ್ ಆದರು. ಆದರೆ ಅದಕ್ಕೂ ಮುಂಚೆ ಈಶಾನ್ಯ ಚೀನಾದಲ್ಲಿ ಜಪಾನಿನ ಅಧೀನದಲ್ಲಿದ್ದ ಮಂಚುಕುವೊ ರಾಜ್ಯದ ಸೇನೆಯಲ್ಲಿದ್ದು, ಜಪಾನಿನ ವಿರುದ್ಧ ಹೋರಾಡುತ್ತಿದ್ದ ಗೆರಿಲ್ಲಾಗಳನ್ನು ಅಡಗಿಸುವ ಗಾಂಡೊ ವಿಶೇಷ ಪಡೆಯಲ್ಲಿ ಸೇವೆ ಸಲ್ಲಿಸಿದ್ದನ್ನು ಮರೆಮಾಚಿ ಬರೆಯುವ ಲೇಖನಗಳು ನನಗೆ ಸರಿಕಾಣುವುದಿಲ್ಲ. ಅವರು 2020ರ ಜುಲೈ 10ರಂದು ತೀರಿಕೊಂಡಾಗ, ದೇಜಾನ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಹೂಳುವುದಕ್ಕೆ ವಿರೋಧ ಬಂದದ್ದು ಇದೇ ಕಾರಣಕ್ಕೆ.

ಶಿರಸಿಯ ಇತಿಹಾಸದ ಮೇಷ್ಟ್ರು:
ತಾವು ಹೇಳಿದ್ದು ಒಪ್ಪತಕ್ಕದ್ದೇ. ಸಹಿಯ ವಿಷಯಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. ರೀ ಅವರ ಆ ಪಟ್ಟಿನಿಂದಲೇ ದಕ್ಷಿಣ ಕೊರಿಯಾ ಸಹಿ ಹಾಕಲಿಲ್ಲ. ಸಂಧಾನ ಎರಡು ವರ್ಷ ಎಳೆಯಲು ಮುಖ್ಯ ಕಾರಣ ಯುದ್ಧಕೈದಿಗಳ ಪ್ರಶ್ನೆ. ಮನೆಗೆ ಮರಳಲೊಲ್ಲದವರನ್ನು ಬಲವಂತದಿಂದ ಕಳುಹಿಸಬೇಕೇ ಎಂಬಲ್ಲಿ ಎಲ್ಲವೂ ಸಿಕ್ಕಿಬಿದ್ದಿತ್ತು. ರೀ ಅವರು 1953ರ ಜೂನ್‌ನಲ್ಲಿ ಸುಮಾರು 27,000 ಕೈದಿಗಳನ್ನು ತಾವಾಗಿಯೇ ಬಿಡಿಸಿ ಒಪ್ಪಂದವನ್ನೇ ಅಲುಗಾಡಿಸಿದರು. ಆಗ ಪೈಕ್ ಸೇನೆಯ ಮುಖ್ಯಸ್ಥರಾಗಿದ್ದರು. ಉಳಿದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಬಳಗದ ಮುಂದಿನ ಚರ್ಚೆಗೆ ಅವರನ್ನೇ ತೆಗೆದುಕೊಳ್ಳಬಹುದು.